ಎಲ್ಲರ ಉಸಿರೂ ಇಪ್ಪತ್ತು

ಜೆರಾಕ್ಸ್ ಅಂಗಡಿಯಿಂದ ಆಗಷ್ಟೇ ಬಂದ ಕಾಗದಕ್ಕೆ ಒಂದು ವಾಸನೆಯಿರುತ್ತದೆ. ಬೆಚ್ಚಗೆ, ಸ್ವಲ್ಪ ಸುಟ್ಟ ಹಾಗೆ. ಆ ವಾಸನೆ ಮೂಗಿಗೆ ಬಡಿದರೆ ನಿಮಗೆ ಏನು ನೆನಪಾಗುತ್ತದೋ ಗೊತ್ತಿಲ್ಲ. ನನಗಂತೂ ಅಂಗೈ ತಣ್ಣಗಾಗುತ್ತದೆ. ಕಳೆದ ಸೋಮವಾರ ಹಾಗೇ ಆಯಿತು. ಹೊಸಪೇಟೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ನಾನು ಪಾಠ ಹೇಳುತ್ತೇನೆ. ಅಟೆಂಡರ್ ಒಂದು ಕಟ್ಟು ಕಾಗದ ತಂದು ಮೇಜಿನ ಮೇಲಿಟ್ಟು, "ಎರಡನೇ ವರ್ಷದೋರಿಗೆ ಹಂಚಬೇಕಂತ್ರೀ" ಅಂದ. ಮೊದಲ ಸಾಲು ಓದುತ್ತಲೇ ಗುರುತು ಸಿಕ್ಕಿತು. ಹದಿನಾಲ್ಕು ವರ್ಷದ ಹಿಂದೆ, ಎರಡನೇ ವರ್ಷದಲ್ಲಿದ್ದಾಗ, ನಾನು ತುಂಬಿದ್ದ ಕಾಗದವೇ. ಅಂದಿನ ಅಕ್ಷರ ತಪ್ಪುಗಳೂ ಹಾಗೇ ಇದ್ದವು.

ಅದು ವಿದ್ಯಾರ್ಥಿಗಳಲ್ಲಿ ಸಹಾನುಭೂತಿ ಎಷ್ಟಿದೆಯೆಂದು ಅಳೆಯುವ ಪಟ್ಟಿ. ಇಪ್ಪತ್ತನಾಲ್ಕು ವಾಕ್ಯಗಳು, ಒಂದೊಂದರ ಮುಂದೆ ಒಂದರಿಂದ ಐದರವರೆಗೆ ಅಂಕಿ. 'ರೋಗಿಯ ಸ್ಥಾನದಲ್ಲಿ ನನ್ನನ್ನು ಇರಿಸಿಕೊಂಡು ಯೋಚಿಸಬಲ್ಲೆ', 'ರೋಗಿಯನ್ನು ಸ್ಪರ್ಶಿಸಲು ನನಗೆ ಹಿಂಜರಿಕೆಯಿಲ್ಲ', ಹೀಗೆ. ಪೂರ್ತಿ ಒಪ್ಪಿದರೆ ಐದಕ್ಕೆ ಸುತ್ತು ಹಾಕಬೇಕು, ಒಪ್ಪದಿದ್ದರೆ ಒಂದಕ್ಕೆ. ಕೊನೆಗೆ ಕೂಡಿಸಿದರೆ ನೂರಿಪ್ಪತ್ತಕ್ಕೆ ಇಷ್ಟು ಅಂತ ಬರುತ್ತದೆ. ಜ್ವರಕ್ಕೊಂದು ಥರ್ಮಾಮೀಟರ್ ಇದ್ದ ಹಾಗೆ ಮರುಕಕ್ಕೂ ಒಂದು ಬೇಕಲ್ಲ, ಇದು ಅದು. ನೀವು ನಗಬಹುದು. ನನಗೆ ನಗು ಬರುವುದಿಲ್ಲ.

ಬುಧವಾರ ಕಾಗದಗಳೆಲ್ಲ ತುಂಬಿ ವಾಪಸು ಬಂದವು. ಕೂಡಿಸುತ್ತ ಕೂತೆ. ನೂರೆಂಟು, ನೂರಹನ್ನೆರಡು, ನೂರೈದು. ನಮ್ಮ ಹುಡುಗಿಯರು ಕರುಣಾಳುಗಳು. ಆಮೇಲೆ ಒಂದು ಕಾಗದ ಸಿಕ್ಕಿತು, ನಲವತ್ತೊಂದು. ರೋಲ್ ನಂಬರ್ ನೋಡಿದರೆ ಪಾಪಿನಾಯಕನಹಳ್ಳಿಯ ರೇಣುಕಾ. ಹಿಂದಿನ ಬೆಂಚಿನಲ್ಲಿ ಕೂತು, ಕೇಳಿದರೆ ಮಾತ್ರ ಉತ್ತರ ಕೊಡುವ ಹುಡುಗಿ. ಸ್ಪರ್ಶದ ವಾಕ್ಯದ ಮುಂದೆ ಒಂದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ ಬರೆದಿದ್ದಳು: 'ಭಯ ಆಗುತ್ತೆ ಮೇಡಂ.'

ಪ್ರಿನ್ಸಿಪಾಲರು ಅಂಕಗಳ ಹಾಳೆ ನೋಡಿ, "ಐವತ್ತಕ್ಕಿಂತ ಕಡಿಮೆ ಇರೋರನ್ನ ವಾರ್ಡಿಗೆ ಕಳಿಸೋದು ಬೇಡ. ಮನೆಯವರನ್ನ ಕರೆಸಿ ಮಾತಾಡೋಣ, ಈ ಲೈನ್ ಆಗಲ್ಲ ಅಂದ್ರೆ ಈಗಲೇ ಬಿಡಿಸಲಿ. ಶನಿವಾರದೊಳಗೆ ಪಟ್ಟಿ ಕೊಡಿ," ಅಂದರು. ಒಳ್ಳೆಯವರೇ ಅವರು. ರೋಗಿಗಳ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ನಾನು "ಆಯ್ತು ಸರ್" ಅಂದು ಬಂದೆ. ಪಟ್ಟಿಯಲ್ಲಿ ಇರಬೇಕಾದದ್ದು ಒಂದೇ ಹೆಸರು, ಬರೆಯಲು ಅರ್ಧ ನಿಮಿಷ ಸಾಕು. ಎರಡು ದಿನ ಪೆನ್ನು ಹಿಡಿದುಕೊಂಡು ಕೂತೆ. ಯಾಕೆಂದು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನೀವು ಗುರುತಿಲ್ಲದವರು, ಹಾಗಾಗಿ ನಿಮಗೆ ಹೇಳುವುದು ಸುಲಭ.

ನಾನು ಹುಟ್ಟಾ ಪುಕ್ಕಲಿ. ಹುಟ್ಟಿದ್ದು ಸಂಡೂರಿನಲ್ಲಿ, ಅಪ್ಪ ಅದಿರಿನ ಲಾರಿ ಓಡಿಸುತ್ತಿದ್ದ. ಮಧ್ಯಾಹ್ನ ಗುಡ್ಡದಲ್ಲಿ ಮದ್ದು ಸಿಡಿಸಿದಾಗ ಓಣಿಯ ಮಕ್ಕಳೆಲ್ಲ 'ಹೋ' ಎಂದು ಕುಣಿದರೆ ನಾನು ಅಕ್ಕಿ ಡಬ್ಬದ ಹಿಂದೆ ಕೂತಿರುತ್ತಿದ್ದೆ. ಒಮ್ಮೆ ಟಿ.ಬಿ. ಡ್ಯಾಂ ಗೇಟು ಬಿಟ್ಟಿದ್ದಾರೆಂದು ಇಡೀ ಮನೆಯವರು ಬಸ್ಸು ಹತ್ತಿ ನೋಡಲು ಹೋದೆವು. ಜನ ಮಿರ್ಚಿ ಮಂಡಕ್ಕಿ ತಿನ್ನುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಆ ನೀರಿನ ಸದ್ದಿಗೆ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದವಳು ವಾಪಸು ಬಸ್ಸು ಹತ್ತುವವರೆಗೂ ಹೊರತೆಗೆಯಲಿಲ್ಲ. ಹಲ್ಲಿಗೂ ಹೆದರುತ್ತಿದ್ದೆ, ಲಿಫ್ಟಿಗೂ ಹೆದರುತ್ತಿದ್ದೆ, ಫೋನು ಬೆನ್ನುಬೆನ್ನಿಗೆ ಎರಡು ಸಲ ರಿಂಗಾದರೂ ಹೆದರುತ್ತಿದ್ದೆ. ಇಂಥವಳನ್ನು ಯಾಕೆ ನರ್ಸಿಂಗಿಗೆ ಹಾಕಿದರು ಅಂತ ಕೇಳಬೇಡಿ. ನಾಕು ದಿನ ರಕ್ತ ನೋಡಿದರೆ ಧೈರ್ಯ ತಾನೇ ಬರುತ್ತದೆ ಎಂಬುದು ಅಪ್ಪನ ಲೆಕ್ಕಾಚಾರವಾಗಿತ್ತು.

ನಮಗೆ ಕೈ ಹಿಡಿಯುವುದನ್ನು ಕಲಿಸಿದವರು ಸುಮಿತ್ರಾ ಮೇಡಂ. ತಮಾಷೆಯಲ್ಲ, ಕೈ ಹಿಡಿಯುವುದೂ ಒಂದು ಪಾಠವೇ. ರೋಗಿಯ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಅರ್ಧ ನಿಮಿಷ ನಾಡಿ ಎಣಿಸಬೇಕು. ಎಣಿಸಿ ಮುಗಿದರೂ ಕೈ ಬಿಡಬಾರದು. ನಾಡಿಯನ್ನೇ ಎಣಿಸುತ್ತಿರುವ ಹಾಗೆ ಬೆರಳುಗಳನ್ನು ಅಲ್ಲೇ ಇಟ್ಟುಕೊಂಡು, ಕಣ್ಣು ಮಾತ್ರ ಎದೆಯತ್ತ ಹೊರಳಿಸಿ, ಇನ್ನರ್ಧ ನಿಮಿಷ ಉಸಿರು ಎಣಿಸಬೇಕು. ಎರಡನ್ನೂ ದುಪ್ಪಟ್ಟು ಮಾಡಿದರೆ ಒಂದು ನಿಮಿಷದ್ದು ಸಿಗುತ್ತದೆ. ಉಸಿರು ಎಣಿಸುತ್ತಿದ್ದೇವೆಂದು ರೋಗಿಗೆ ಗೊತ್ತಾಗಬಾರದು; ಗೊತ್ತಾದರೆ ಯಾರ ಉಸಿರೂ ಮೊದಲಿನ ಹಾಗಿರುವುದಿಲ್ಲ. "ನಮ್ಮ ಕೆಲಸದಲ್ಲಿ ಮಾಡಲೇಬೇಕಾದ ಮೋಸ ಇದೊಂದೇ," ಎಂದು ಮೇಡಂ ಹೇಳುತ್ತಿದ್ದರು. ಅದಕ್ಕೆ ಸೆಕೆಂಡಿನ ಮುಳ್ಳಿರುವ ವಾಚು ಬೇಕೆಂದಾಗ ಅಪ್ಪ ಹೊಸಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಕೊಡಿಸಿದ. ಕೆಂಪು ಮುಳ್ಳು, ಬಿಳಿ ಮುಖ.

ವಾರ್ಡಿಗೆ ಹೋದ ಮೊದಲ ವಾರವೇ ಆ ವಾಚು ನೋಡುತ್ತ ಒಬ್ಬ ಅಜ್ಜಿಯ ಕೈ ಹಿಡಿದು ನಿಂತಿದ್ದೆ. ಕಂಪ್ಲಿ ಕಡೆಯ ಅಜ್ಜಿ, ನಾಟಿ ಕೆಲಸ ಮಾಡಿ ಮಾಡಿ ಬೆರಳೆಲ್ಲ ಬಾಗಿದ್ದವು. ಬಹಳ ದಿನದಿಂದ ಕಾಯಿಲೆಯಲ್ಲಿದ್ದಳು, ಮನೆಯವರಿಗೆ ವಿಷಯ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಹದಿನಾಲ್ಕು, ಹದಿನೈದು ಅಂತ ನಾಡಿ ಎಣಿಸುತ್ತಿದ್ದೆ. ಹದಿನಾರು ಬರಲಿಲ್ಲ. ಬೆರಳು ಸರಿಯಾಗಿ ಇಟ್ಟಿಲ್ಲವೇನೋ ಎಂದು ಸರಿಸಿ ನೋಡಿದೆ, ಒತ್ತಿ ನೋಡಿದೆ. ಕೆಂಪು ಮುಳ್ಳು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಯಾರೋ ಹಿಂದಿನಿಂದ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಅಂದಿನಿಂದ ಯಾರ ಮಣಿಕಟ್ಟನ್ನೂ ನಾನು ಹಿಡಿಯಲಿಲ್ಲ. ಹಿಡಿದರೆ ನಿಂತುಬಿಡುತ್ತದೆ ಎಂಬ ಭಯ. ಮೂಢನಂಬಿಕೆ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದರೆ ಭಯ ಹೋಗುತ್ತದೆಯೇ? ಹಾಸ್ಟೆಲಿನಲ್ಲಿ ಗೆಳತಿಯರು ಕೈ ಹಿಡಿದರೂ ಕೊಸರಿಕೊಳ್ಳುತ್ತಿದ್ದೆ.

ಆ ತಿಂಗಳೇ ಈ ಇಪ್ಪತ್ತನಾಲ್ಕು ವಾಕ್ಯಗಳ ಕಾಗದ ಬಂತು. ಏನು ಉತ್ತರ ಬರೆದರೆ ಮೇಡಂಗೆ ಖುಷಿಯಾಗುತ್ತದೆಂದು ಹೇಳಿಕೊಡಬೇಕೇ? ಐದು, ಐದು, ಐದು. ತೀರಾ ಎಲ್ಲಕ್ಕೂ ಐದು ಹಾಕಿದರೆ ಅನುಮಾನ ಬರುತ್ತದೆಂದು ಅಲ್ಲೊಂದು ಇಲ್ಲೊಂದು ನಾಕು. ಸ್ಪರ್ಶಿಸಲು ಹಿಂಜರಿಕೆಯಿಲ್ಲ ಎಂಬುದಕ್ಕೆ ಐದು ಹಾಕುವಾಗ ಸುತ್ತು ಸ್ವಲ್ಪ ಸೊಟ್ಟಗಾಯಿತು, ಅಷ್ಟೇ. ನೂರಿಪ್ಪತ್ತಕ್ಕೆ ನೂರಹದಿನಾರು ಬಂತು. ಇಡೀ ಕ್ಲಾಸಿಗೆ ನಾನೇ ಮೊದಲು! ಬೋರ್ಡಿನ ಮೇಲೆ ಹೆಸರು ಹಾಕಿದರು. "ಈ ಹುಡುಗಿ ಕೈಗೆ ರೋಗಿಗಳನ್ನ ಒಪ್ಪಿಸಿದರೆ ನನಗೆ ಚಿಂತೆಯಿಲ್ಲ," ಎಂದು ಸುಮಿತ್ರಾ ಮೇಡಂ ಎಲ್ಲರೆದುರು ಹೇಳಿ, ಗಂಡಸರ ಆಪರೇಷನ್ ವಾರ್ಡಿನ ಹದಿನೆಂಟು ಮಂಚಗಳ ಬೆಳಗಿನ ಚಾರ್ಟನ್ನು ನನಗೆ ಬಹುಮಾನದ ಹಾಗೆ ಕೊಟ್ಟರು.

ಚಾರ್ಟು ಅಂದರೆ ಮಂಚದ ಕಾಲಿಗೆ ನೇತುಹಾಕಿರುವ ಹಾಳೆ. ಅದರಲ್ಲಿ ಜ್ವರ, ನಾಡಿ, ಬಿ.ಪಿ., ಉಸಿರು ಎಂದು ನಾಕು ಮನೆ. ಜ್ವರಕ್ಕೆ ಥರ್ಮಾಮೀಟರ್ ಕೊಟ್ಟು ಒಂದು ಮಾರು ದೂರ ನಿಲ್ಲಬಹುದು. ನಾಡಿಗೆ ಬೆರಳಿನ ತುದಿಗೆ ಸಿಕ್ಕಿಸುವ ಕ್ಲಿಪ್ ಬಂದಿತ್ತು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಕಚ್ಚಿಸಿ ಬಿಟ್ಟರೆ ಅಂಕಿ ತಾನೇ ಹೊಳೆಯುತ್ತದೆ. ಬಿ.ಪಿ.ಗೂ ಮಷೀನು. ಉಳಿದದ್ದು ಉಸಿರು. ಅದಕ್ಕೆ ಯಾವ ಮಷೀನೂ ಇರಲಿಲ್ಲ, ಕೈ ಹಿಡಿದು ನಿಂತು ಎದೆ ನೋಡಬೇಕು. ನಾನು ಹಿಂದಿನ ಪಾಳಿಯವರು ಏನು ಬರೆದಿದ್ದಾರೆಂದು ನೋಡಿದೆ. ಇಪ್ಪತ್ತು. ಅದಕ್ಕೂ ಹಿಂದಿನವರದು, ಇಪ್ಪತ್ತು. ಅವರೆಲ್ಲ ಎಣಿಸಿಯೇ ಬರೆದಿರುತ್ತಾರೆ, ರಾತ್ರಿ ಇಪ್ಪತ್ತಿದ್ದದ್ದು ಬೆಳಿಗ್ಗೆ ಎಲ್ಲಿಗೆ ಹೋಗುತ್ತದೆ? ನಾನೂ ಇಪ್ಪತ್ತು ಬರೆದೆ. ಹದಿನೆಂಟು ಮಂಚ, ಹದಿನೆಂಟು ಇಪ್ಪತ್ತು. ಇಪ್ಪತ್ತು ನಿಮಿಷದಲ್ಲಿ ಇಡೀ ವಾರ್ಡು ಮುಗಿಸುವ ಚುರುಕು ಹುಡುಗಿ ಅಂತ ಹೆಸರಾಯಿತು.

ಏಳನೇ ಮಂಚದಲ್ಲಿ ವಿರುಪಣ್ಣ ಎಂಬ ತಾತನಿದ್ದ. ಚಿತ್ತವಾಡ್ಗಿಯವನು. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಕಂಪ್ಲಿ ಕಡೆಯ ಕಾಲುವೆಯಲ್ಲಿ ನೀರು ಎಷ್ಟು ಎತ್ತರ ಹರಿಯುತ್ತಿದೆಯೆಂದು ಪ್ರತಿದಿನ ಗೇಜು ಪಟ್ಟಿ ನೋಡಿ ಬರೆಯುವುದು ಅವನ ಕೆಲಸವಾಗಿತ್ತು. ಹರ್ನಿಯಾ ಆಪರೇಷನ್ ಆಗಿತ್ತು. ಹೆಂಡತಿ ಗಂಗಮ್ಮ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ಸದಾ ಏನನ್ನಾದರೂ ಸುಲಿಯುತ್ತಿದ್ದಳು, ಕಿತ್ತಳೆಯೋ ಬೆಳ್ಳುಳ್ಳಿಯೋ. ತಾತನಿಗೆ ಅಂಕಿಗಳ ಮೇಲೆ ಬಲು ಪ್ರೀತಿ. ಕ್ಲಿಪ್ ತೆಗೆದ ಕೂಡಲೇ, "ಏನಂತವ್ವಾ ನಿನ್ನ ಮಷೀನು?" ಅಂತ ಕೇಳುವುದು, ನಾನು ಹೇಳುವುದು, ಅವನು ತಲೆಯಾಡಿಸುವುದು. ಚಾರ್ಟು ಅವನ ಕಾಲಿನ ಕಡೆ ನೇತಾಡುತ್ತಿದ್ದರಿಂದ ನಾನು ಏನು ಬರೆದೆನೆಂದು ಅವನು ಓದುವ ಹಾಗಿರಲಿಲ್ಲ. ಉಸಿರಿನದನ್ನು ಕೇಳುವುದೂ ಇಲ್ಲವೆಂದು ತಿಳಿದಿದ್ದೆ.

ಆಪರೇಷನ್ ಆದ ನಾಲ್ಕನೇ ಬೆಳಿಗ್ಗೆ ಗಂಗಮ್ಮ ಚಾ ತರಲು ಕೆಳಗೆ ಹೋಗಿದ್ದಳು. ತಾತ ದಿಂಬಿಗೆ ಒರಗಿ ಕೂತಿದ್ದ, ಮುಖ ಯಾಕೋ ಬೂದಿ ಬಣ್ಣಕ್ಕಿತ್ತು. ಅವತ್ತು ಮಷೀನು ಏನಂತು ಎಂದು ಕೇಳಲಿಲ್ಲ. ಕ್ಲಿಪ್ಪಿನ ಅಂಕಿ ಏರಿತ್ತು, ಗಾಯದ ನೋವಿಗಿರಬೇಕೆಂದು ನಾನು ಬರೆದು ಎಂಟನೇ ಮಂಚಕ್ಕೆ ತಿರುಗುತ್ತಿದ್ದಾಗ ಕರೆದ.

"ಉಸಿರಿಂದು... ಎಷ್ಟು ಬರದೆವ್ವಾ?"

"ಇಪ್ಪತ್ತು, ತಾತಾ."

"ನಿನ್ನೆ?"

"ನಿನ್ನೇನೂ ಇಪ್ಪತ್ತಾ."

ಅವನು ಒಂದೊಂದು ಮಾತಿನ ನಡುವೆಯೂ ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದ. ಅದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ನಾನೂ ಎಣಿಸೀನವ್ವಾ. ಆ ಗಡಿಯಾರ ನೋಡ್ಕೋಂತ... ಮೂರು ಸಲ ಎಣಿಸೀನಿ. ನಿನ್ನೆ ಸಂಜಿಗೆ ಇಪ್ಪತ್ತೆಂಟಿತ್ತು. ಈಗ ಮೂವತ್ತಾರೈತಿ." ಗೋಡೆಯ ಗಡಿಯಾರದ ಕಡೆ ಕಣ್ಣು ತೋರಿಸಿದ. "ನಂದು ತಪ್ಪಿರಬೇಕಂತ ಮಾಡಿದ್ದೆ. ಓದಿದಾಕಿ ನೀನು. ಒಮ್ಮಿ ಎಣಿಸವ್ವಾ. ನನಗ ಅಂಜಿಕಿ ಆಗಕತ್ತೈತಿ."

ಕೈ ಮುಂದೆ ಚಾಚಿದ.

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ತಾತನ ಮೇಲೆ ಮರುಕ ಬರಲಿಲ್ಲ. ಬಂದದ್ದು ಸಿಟ್ಟು, ಇವನು ಯಾಕೆ ಎಣಿಸಿದ ಅಂತ. ಎರಡನೆಯದಾಗಿ ಬಂದದ್ದು ನನ್ನ ಸೀಟು ಹೋಗುತ್ತದೆ, ಅಪ್ಪ ಕೊಂದೇಬಿಡುತ್ತಾನೆ ಎಂಬ ದಿಗಿಲು. ಮೂರನೆಯದಾಗಿ ಆ ಕೈ. ನರ ಉಬ್ಬಿದ, ಸೂಜಿಯ ಪಟ್ಟಿ ಅಂಟಿಸಿದ್ದ ಕೈ ನನ್ನೆದುರಿಗೆ ಗಾಳಿಯಲ್ಲಿ ನಿಂತಿತ್ತು. ಹಿಡಿದರೆ ನಿಂತುಹೋಗುತ್ತದೆ. ಹಿಡಿಯದೆ ಓಡಿಹೋಗೋಣ ಅನಿಸಿತು. ನೂರಹದಿನಾರು ಅಂಕದ ಹುಡುಗಿ ಹೀಗೆ ನಿಂತಿದ್ದಳು ನೋಡಿ.

ಹಿಡಿದೆ. ಯಾಕೆ ಹಿಡಿದೆನೆಂದು ಇಂದಿಗೂ ಗೊತ್ತಿಲ್ಲ. ಅವನು ಅಂಜಿಕೆ ಅಂದದ್ದಕ್ಕೇ ಇರಬೇಕು, ಆ ಸಂಗತಿ ನನಗೆ ಚೆನ್ನಾಗಿ ಗೊತ್ತಿತ್ತು. ಬೆರಳ ಕೆಳಗೆ ನಾಡಿ ದಡದಡ ಓಡುತ್ತಿತ್ತು. ಅದು ಒಂದು ಸಲ ತಡವರಿಸಿದ ಹಾಗಾದಾಗ ನನ್ನ ಜೀವ ಬಾಯಿಗೆ ಬಂತು. ಆಮೇಲೆ ಎದೆಯತ್ತ ನೋಡಿದೆ. ಕದ್ದು ನೋಡುವ ಪ್ರಶ್ನೆಯೇ ಇರಲಿಲ್ಲ, ಇಬ್ಬರೂ ಒಟ್ಟಿಗೇ ಎಣಿಸುತ್ತಿದ್ದೆವು. ಅರ್ಧ ನಿಮಿಷಕ್ಕೆ ಹದಿನೆಂಟು.

"ಎಷ್ಟಾತು?"

"ಮೂವತ್ತಾರು, ತಾತಾ."

"ನಂದೂ ಅಷ್ಟಾ," ಅಂದ. ಅವನ ಮುಖದಲ್ಲಿ ಲೆಕ್ಕ ತಾಳೆಯಾದ ಸಮಾಧಾನ ಕಂಡಿತು. ನಾನು ಕೈ ಬಿಟ್ಟು, ಚಾರ್ಟಿನಲ್ಲಿ ಮೂವತ್ತಾರು ಬರೆದು, ಡಾಕ್ಟರನ್ನು ಕರೆಯಲು ಓಡಿದೆ.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಡಾಕ್ಟರು ಬಂದರು, ಬೆನ್ನಿಗೆ ಸ್ಟೆಥಸ್ಕೋಪ್ ಇಟ್ಟರು, ಎಕ್ಸ್‌ರೇ ಅಂದರು. ಎದೆಯಲ್ಲಿ ನ್ಯುಮೋನಿಯಾ ಹಬ್ಬಿದೆ ಎಂದು ಮಹಡಿಯ ಮೇಲಿನ ಐ.ಸಿ.ಯು.ಗೆ ಒಯ್ದರು. ಚಾ ಹಿಡಿದುಕೊಂಡು ಬಂದ ಗಂಗಮ್ಮ ಖಾಲಿ ಮಂಚ ನೋಡಿ ನಿಂತಲ್ಲೇ ನಿಂತಳು. "ಎಲ್ಲಿಗೆ ಹೋದ್ರವ್ವಾ?" ಎಂದು ನನ್ನನ್ನೇ ಕೇಳಿದಳು.

ಐದು ದಿನ ತಾತ ಮೇಲಿದ್ದ. ಆ ಐದು ದಿನ ನಾನು ಅನ್ನ ತಿಂದೆನೋ ಮಣ್ಣು ತಿಂದೆನೋ ನೆನಪಿಲ್ಲ. ಮಹಡಿ ಮೆಟ್ಟಿಲ ಬುಡದಲ್ಲಿ ನಿಂತು ಮೇಲಿನಿಂದ ಅಳು ಕೇಳಿಸುತ್ತದೆಯೇ ಎಂದು ಕಿವಿಗೊಡುತ್ತಿದ್ದೆ. ಹಂಪಿಯ ದಿಕ್ಕಿಗೆ ತಿರುಗಿ ಕೈ ಮುಗಿಯುತ್ತಿದ್ದೆ; ಆ ದಿಕ್ಕು ಸರಿಯಿತ್ತೋ ಇಲ್ಲವೋ, ಹಾಸ್ಟೆಲಿನ ನೀರಿನ ಟ್ಯಾಂಕಿಗೇ ಮುಗಿದಂತಾಗುತ್ತಿತ್ತು. ತಾತ ಸಾಯಬಾರದು ಎಂದು ಬೇಡಿಕೊಳ್ಳುತ್ತಿದ್ದೆ. ಅದರ ಹಿಂದೆಯೇ ಇನ್ನೊಂದು ಬೇಡಿಕೆ ಮೆಲ್ಲಗೆ ಬರುತ್ತಿತ್ತು: ತಾತ ಯಾರಿಗೂ ಹೇಳಬಾರದು. ಯಾವುದನ್ನು ಹೆಚ್ಚು ಬೇಡಿಕೊಂಡೆ ಅಂತ ದಯವಿಟ್ಟು ಕೇಳಬೇಡಿ.

ಮೂರನೇ ದಿನ ಒಬ್ಬ ದೊಡ್ಡ ಡಾಕ್ಟರು ಆ ಚಾರ್ಟನ್ನು ತರಿಸಿ ನೋಡಿದರು. ನಾನು ಟ್ರೇ ಹಿಡಿದು ಪಕ್ಕದಲ್ಲೇ ಇದ್ದೆ. "ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಆಮೇಲೆ ಮೂವತ್ತಾರು?" ಎಂದು ಹುಬ್ಬೇರಿಸಿದರು. ಟ್ರೇಯ ಮೇಲಿನ ಸಾಮಾನು ಕಣಕಣ ಅಂದಿತು. "ಒಮ್ಮೆಗೇ ಏರಿರಬೇಕು," ಎಂದು ಅವರೇ ಉತ್ತರ ಹೇಳಿಕೊಂಡು ಫೈಲು ಮುಚ್ಚಿದರು.

ಡ್ಯೂಟಿ ಮುಗಿದ ಮೇಲೆ ವಾರ್ಡಿನ ಹಿರಿಯ ಸಿಸ್ಟರ್ ನನ್ನನ್ನು ನಿಲ್ಲಿಸಿಕೊಂಡರು. ಮುಗಿಯಿತು ಅಂದುಕೊಂಡೆ. ಅವರು ಬಾಗಿಲು ಮುಂದೆ ಮಾಡಿ, ಹದಿನೆಂಟು ಮಂಚಗಳ ಚಾರ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ನನ್ನೆದುರೇ ಒಂದೊಂದಾಗಿ ನೋಡತೊಡಗಿದರು. ನಾನೂ ನೋಡಿದೆ. ನಾನು ವಾರ್ಡಿಗೆ ಬರುವ ಮೊದಲಿನ ಹಾಳೆಗಳೂ ಇದ್ದವು. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ, ರಾತ್ರಿ ಪಾಳಿ; ವಿದ್ಯಾರ್ಥಿಗಳ ಅಕ್ಷರ, ಸ್ಟಾಫ್ ನರ್ಸುಗಳ ಅಕ್ಷರ. ಉಸಿರಿನ ಮನೆಯಲ್ಲಿ ಮೇಲಿಂದ ಕೆಳಗಿನ ತನಕ ಇಪ್ಪತ್ತು. ನಾನು ಯಾರನ್ನು ನಂಬಿ ಬರೆದಿದ್ದೆನೋ ಅವರು ಅವರ ಹಿಂದಿನವರನ್ನು ನಂಬಿ ಬರೆದಿದ್ದರು. ಪ್ರತಿ ಹಾಳೆಯ ಕೆಳಗೂ ಹಿರಿಯ ಸಿಸ್ಟರದೇ ಸಹಿ. ಅವರು ಹಾಳೆಗಳನ್ನು ಮತ್ತೆ ಒಟ್ಟು ಮಾಡಿದರು. ನನ್ನ ಮುಖ ನೋಡಲಿಲ್ಲ. "ಹೋಗು, ಊಟ ಮಾಡು," ಅಂದರು.

ಸಿಕ್ಕಿಬೀಳುತ್ತೇನೆಂಬ ಭಯ ಅವತ್ತು ಹೋಯಿತು. ಅದರ ಜಾಗಕ್ಕೆ ಬಂದ ಭಯ ಇನ್ನೂ ದೊಡ್ಡದಿತ್ತು. ಇಲ್ಲಿ ಯಾರೂ ಯಾರನ್ನೂ ಹಿಡಿಯುವುದಿಲ್ಲ. ನಾಳೆ ಈ ಮಂಚದ ಮೇಲೆ ನನ್ನ ಅಪ್ಪ ಮಲಗಿದ್ದರೂ ಅವನ ಉಸಿರೂ ಇಪ್ಪತ್ತೇ.

ತಾತ ಬದುಕಿದ. ಮನೆಗೆ ಹೋದ ಒಂದು ವಾರಕ್ಕೆ ಆಟೋ ಹಿಡಿದು ಚಿತ್ತವಾಡ್ಗಿಗೆ ಹೋದೆ, ಕ್ಷಮೆ ಕೇಳಬೇಕೆಂದು. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಬಾಗಿಲಲ್ಲೇ ಗಂಗಮ್ಮ ನನ್ನ ಎರಡೂ ಕೆನ್ನೆ ಸವರಿ ನೆಟಿಕೆ ಮುರಿದಳು. "ಬಾರವ್ವಾ, ಬಾ! ನೀ ಅವತ್ತು ನೋಡಿರ್ಲಿಲ್ಲ ಅಂದ್ರ ನನ್ನ ಕುಂಕುಮ ಉಳೀತಿರ್ಲಿಲ್ಲ. ಏನ್ ಕೈಗುಣ ನಿಂದು!" ಎಂದು ಪಕ್ಕದ ಮನೆಯವರನ್ನೂ ಕರೆದು ತೋರಿಸಿದಳು. ಬಿಸಿ ಮಿರ್ಚಿ ಕರಿದಳು. ನಾನು ತಾತನ ಕಡೆ ನೋಡಿದೆ. ಅವನಿಗೆ ಎಲ್ಲ ಗೊತ್ತಿತ್ತು, ಆ ಹಿರಿಯ ಸಿಸ್ಟರನ್ನು ಬಿಟ್ಟರೆ ಈ ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. "ಹೌದು, ಆಕೀನಾ ಎಣಿಸಿದ್ದು," ಅಂದ ಅಷ್ಟೇ. ನಾನು ಜೋಡಿಸಿಕೊಂಡಿದ್ದ ವಾಕ್ಯ ಮಿರ್ಚಿಯ ಜೊತೆ ಗಂಟಲೊಳಗೆ ಇಳಿಯಿತು. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಅಂತ ಗಂಗಮ್ಮ ಬೆಲ್ಲ ಕೊಟ್ಟಳು.

ಹೊರಡುವಾಗ ತಾತ ಕೋಲೂರಿಕೊಂಡು ಆಟೋದವರೆಗೆ ಬಂದ.

"ತಾತಾ, ನಾನು..." ಅಂದೆ.

"ಗೊತ್ತೈತಿ ಬಿಡವ್ವಾ. ಕಾಲುವಿ ಗೇಜು ನೋಡಾಕ ಹನ್ನೊಂದು ಮೆಟ್ಲ ಇಳೀಬೇಕಿತ್ತು. ಪಾಚಿ ಕಟ್ಟಿರ್ತೈತಿ. ಒಂದ್ ಸಲ ಜಾರಿ ಬಿದ್ದೆ, ಯಾರೋ ಎಳದು ಹಾಕಿದ್ರು. ಆಮ್ಯಾಲ ಭಾಳ ದಿನ ದಂಡಿ ಮ್ಯಾಲ ನಿಂತಾ ಬರದೀನಿ. ನಿನ್ನೆ ನಾಕಡಿ, ಇವತ್ತೂ ನಾಕಡಿ." ಸ್ವಲ್ಪ ತಡೆದ. "ಒಂದಿನ ನೀರು ದಂಡಿ ಹೊಡಕೊಂಡು ಹೋತು. ನಾಟಿ ಹಚ್ಚಿದ ಗದ್ದಿ ಎಲ್ಲಾ ಮುಳುಗಿದ್ವು. ಯಾರೂ ನನ್ನ ಕೇಳಲಿಲ್ಲ. ಕೇಳಿದ್ರ ಛಲೋ ಇತ್ತು."

ನಾನು ಆಟೋ ಹತ್ತಿ ಕೂತೆ. ಅವನು ಕಂಬಿ ಹಿಡಿದು ಬಗ್ಗಿದ.

"ನಾಳಿ ಎಷ್ಟು ಮಂದೀದು ನೋಡಬೇಕು?"

"ಹದಿನೆಂಟು."

"ಅಂದ್ರ ಹದಿನೆಂಟು ನಿಮಿಷ," ಅಂದ. "ಭಾಳ ಏನಲ್ಲ."

ಆಮೇಲೆ ಓದು ಮುಗಿಯುವವರೆಗೂ, ಕೆಲಸಕ್ಕೆ ಸೇರಿದ ಮೇಲೂ, ಪ್ರತಿಯೊಬ್ಬರ ಕೈ ಹಿಡಿದು ಎಣಿಸಿದೆ. ಒಂದೊಂದು ಸಲವೂ ಹೆದರಿಕೊಂಡೇ. ಹದಿನಾರು ಎಂಬ ಅಂಕಿ ದಾಟುವವರೆಗೆ ಈಗಲೂ ನನ್ನ ಉಸಿರು ಸರಿಯಿರುವುದಿಲ್ಲ. ವರ್ಷದ ಕೊನೆಗೆ ಅದೇ ಕಾಗದ ಮತ್ತೆ ಬಂದಾಗ ಇದ್ದದ್ದನ್ನು ಇದ್ದ ಹಾಗೆ ತುಂಬಿದೆ. ನೂರಹದಿನಾರರಿಂದ ಐವತ್ತೆಂಟಕ್ಕೆ ಇಳಿದೆ. ಸುಮಿತ್ರಾ ಮೇಡಂ ಕನ್ನಡಕ ತೆಗೆದು, "ಏನಾಯ್ತು ನಿನಗೆ? ನಿನ್ನ ಮೇಲೆ ಎಷ್ಟು ನಂಬಿಕೆ ಇಟ್ಟಿದ್ದೆ," ಎಂದು ನೊಂದುಕೊಂಡು, ಎರಡು ವಾರ ರೋಗಿಗಳಿಂದ ದೂರವಿಟ್ಟು, ರಬ್ಬರ್ ಗೊಂಬೆಯ ಜೊತೆ ಪ್ರೀತಿಯಿಂದ ಮಾತಾಡುವ ಅಭ್ಯಾಸ ಮಾಡಿಸಿದರು. ಗೊಂಬೆಯ ಕೈ ಹಿಡಿಯಲು ನನಗೆ ಒಂದಿಷ್ಟೂ ಭಯವಾಗಲಿಲ್ಲ. ಅದಕ್ಕೆ ಪೂರ್ತಿ ಅಂಕ ಸಿಕ್ಕಿತು.

ನಿನ್ನೆ ಶುಕ್ರವಾರ ಮಧ್ಯಾಹ್ನ ರೇಣುಕಾಳನ್ನು ಕರೆಸಿದೆ. ಬಾಗಿಲಲ್ಲಿ ನಿಂತು, "ಕರದ್ರಂತ್ರೀ ಮೇಡಂ?" ಅಂದಳು. ಮೇಜಿನ ಮೇಲಿದ್ದ ತನ್ನ ಕಾಗದ ನೋಡಿ ಮುಖ ಬಿಳಿಚಿಕೊಂಡಿತು. "ಅಪ್ಪಾಗ ಹೇಳಬ್ಯಾಡ್ರಿ ಮೇಡಂ. ಓದು ಬಿಡಸ್ತಾರ. ಬೇಕಾದ್ರ ಬ್ಯಾರೆ ಕಾಗದ ಕೊಡ್ರಿ, ಎಲ್ಲಾದಕ್ಕೂ ಐದು ಹಾಕ್ತೀನಿ."

"ಕುಂದ್ರು," ಅಂದೆ. ಎದುರಿಗೆ ಕೂರಿಸಿಕೊಂಡು ಅವಳ ಮಣಿಕಟ್ಟು ಹಿಡಿದೆ. ಅಪ್ಪ ಕೊಡಿಸಿದ ವಾಚು ಇನ್ನೂ ನಡೆಯುತ್ತದೆ, ಮುಖ ಮಾತ್ರ ಹಳದಿಯಾಗಿದೆ. ಅರ್ಧ ನಿಮಿಷ ನಾಡಿ, ಅರ್ಧ ನಿಮಿಷ ಉಸಿರು. ನಿಮಿಷಕ್ಕೆ ಇಪ್ಪತ್ತೆಂಟು. ಕೈ ಬಿಡದೆ ಹಾಗೇ ಹಿಡಿದುಕೊಂಡು ಅವಳಿಗೆ ತಾತನ ಕತೆ ಹೇಳಿದೆ, ನಿಮಗೆ ಹೇಳಿದಷ್ಟೂ. ಬೇಡಿಕೊಂಡ ಎರಡು ಬೇಡಿಕೆಗಳನ್ನೂ ಬಿಡಲಿಲ್ಲ. ಹೇಳಿ ಮುಗಿಸಿದಾಗ ನನಗೆ ಬಹಳ ಹಗುರವೆನಿಸಿತು. ಒಳ್ಳೆಯ ಮೇಡಂ ಆಗಿಬಿಟ್ಟೆ ಎಂದು ಒಂದು ಗಳಿಗೆ ಬೀಗಿದೆ ಕೂಡ.

ರೇಣುಕಾ ತಲೆ ಬಗ್ಗಿಸಿಕೊಂಡೇ ತೀರ ಸಣ್ಣ ದನಿಯಲ್ಲಿ ಹೇಳಿದಳು:

"ಮೇಡಂ, ಸಿಟ್ಟಿಗೇಳಬ್ಯಾಡ್ರಿ. ಈಗೂ ಎಲ್ಲಾರ್ದೂ ಇಪ್ಪತ್ತಾ ಐತಲ್ರೀ. ನಾ ನೋಡೀನಿ. ಕೆಳಗ ನಿಮ್ಮ ಸಹಿನೂ ಐತ್ರಿ."

ನಾನು ಅವಳ ಕೈ ಬಿಟ್ಟೆ. ಪಾಠ ಹೇಳಲು ಬಂದು ಆರು ವರ್ಷವಾಯಿತು. ವಿದ್ಯಾರ್ಥಿಗಳು ತುಂಬಿದ ಚಾರ್ಟುಗಳು ಸಂಜೆ ನನ್ನ ಮೇಜಿಗೆ ಬರುತ್ತವೆ, ಚಾ ಕುಡಿಯುತ್ತ ಸಹಿ ಹಾಕುತ್ತೇನೆ. ಆರು ವರ್ಷದಲ್ಲಿ ನಾನು ಹಿಡಿದ ರೋಗಿಯ ಕೈಗಳನ್ನು ಬೆರಳಲ್ಲಿ ಎಣಿಸಬಹುದು. ಸಹಿ ಹಾಕಿದ ಇಪ್ಪತ್ತುಗಳಿಗೆ ಲೆಕ್ಕವಿಲ್ಲ. ಕಣ್ಣಿಗೆ ಕಾಣುತ್ತಿದ್ದವು, ಓದಿದ್ದೇನೆ, ಪ್ರತಿಯೊಂದನ್ನೂ ಓದಿಯೇ ಸಹಿ ಹಾಕಿದ್ದೇನೆ. ತಾತನ ಕಾಲುವೆಯ ದಂಡೆ ನೆನಪಾಯಿತು. ಅವುಗಳಲ್ಲಿ ಎಷ್ಟು ಮೂವತ್ತಾರುಗಳಿದ್ದವೋ, ತಾವೇ ಎಣಿಸಿಕೊಂಡು ಕೈ ಚಾಚದೆ ಸುಮ್ಮನಿದ್ದವರು ಎಷ್ಟು ಜನವೋ. ಇನ್ನು ಕೇಳಿದರೂ ಹೇಳುವವರಿಲ್ಲ.

ಪ್ರಿನ್ಸಿಪಾಲರಿಗೆ ಕೊಡಬೇಕಾದ ಪಟ್ಟಿ ಮೇಜಿನ ಮೇಲೆ ಖಾಲಿಯಿತ್ತು. ವಾರ್ಡಿಗೆ ಕಳಿಸಬಾರದವರ ಪಟ್ಟಿ. ನನ್ನ ಹೆಸರೊಂದನ್ನೇ ಬರೆದೆ. ಅದರ ಕೆಳಗೆ ಕಾರಣವನ್ನೂ ಎರಡು ಸಾಲಿನಲ್ಲಿ ಬರೆದು, ಇಂದು ಬೆಳಿಗ್ಗೆ ಕೊಟ್ಟು ಬಂದಿದ್ದೇನೆ. ಅವರು ಇನ್ನೂ ಕರೆದಿಲ್ಲ. ಬಾಗಿಲ ಬಳಿ ಹೆಜ್ಜೆ ಸಪ್ಪಳವಾದಾಗೆಲ್ಲ ಬೆಚ್ಚುತ್ತಿದ್ದೇನೆ. ಇರಲಿ. ಈ ಸಲ ಯಾರಾದರೂ ಕೇಳಲಿ.

ನಿನ್ನೆ ಪಟ್ಟಿಯಲ್ಲಿ ಹೆಸರು ಬರೆದವಳೇ ಎದ್ದು, "ಬಾ," ಅಂದು ರೇಣುಕಾಳನ್ನು ಕರೆದುಕೊಂಡು ವಾರ್ಡಿಗೆ ನಡೆದೆ. ಮೊದಲನೇ ಮಂಚದಲ್ಲಿ ಸಂಡೂರಿನ ಕಡೆಯ ಒಬ್ಬ ಹೆಂಗಸು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಚಾರ್ಟಿನಲ್ಲಿ ಇಪ್ಪತ್ತು. ವಾಚು ಬಿಚ್ಚಿ ರೇಣುಕಾಳ ಕೈಗೆ ಕಟ್ಟಿದೆ. ಅವಳು ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದೆ. ಕಣ್ಣು ಮುಚ್ಚಿ ತೆರೆದು, ಆ ಹೆಂಗಸಿನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ಒಂದು ನಿಮಿಷ ಇಷ್ಟು ಉದ್ದವಿರುತ್ತದೆಂದು ನಾನು ಮರೆತೇಬಿಟ್ಟಿದ್ದೆ.

"ಇಪ್ಪತ್ತಾರ್ರಿ ಮೇಡಂ," ಅಂದಳು.

"ಬರಿ," ಅಂದೆ. ಹೆಂಗಸು ತಿರುಗಿ ನೋಡಿ, ಹಿಡಿದ ಕೈ ಬಿಡಿಸಿಕೊಳ್ಳದೆ, "ಯಾಕವ್ವಾ, ಏನಾತು?" ಎಂದು ಕೇಳಿದಳು. ರೇಣುಕಾ ಅವಳಿಗೆ ಉತ್ತರ ಹೇಳುತ್ತಿರುವಾಗ ನಾನು ಎರಡನೇ ಮಂಚಕ್ಕೆ ಹೋಗಿ, ಗೋಡೆಯ ಗಡಿಯಾರ ನೋಡಿಕೊಂಡು, ಕೈ ಹಿಡಿದೆ.